ಕೋನಿಗ್ಸ್‌ಬರ್ಗರ್ ಅವರಿಗೆ ಮೈಸೂರಿನಲ್ಲಿ ಕಲಿಸಿದವರು ಯಾರು?

ಬಸವನಗುಡಿಯ ಕೃಷ್ಣರಾವ್ ಪಾರ್ಕಿನಲ್ಲಿ ಆಡಿ ಬೆಳೆದವರು ನಮ್ಮ ಸಂಘದಲ್ಲಿ ನಾನೊಬ್ಬನೇ ಅಲ್ಲ. ಅಲ್ಲಿನ ಮಂಟಪದಲ್ಲಿ ಕುಳಿತು ಕಡಲೆಕಾಯಿ ಸುಲಿದವರು, ಮಳೆ ಬಂದಾಗ ಓಡಿಹೋಗಿ ಅದರಡಿ ನಿಂತವರು ಇದನ್ನು ಓದುತ್ತಿರಬಹುದು. ಆ ಮಂಟಪದ ವಿನ್ಯಾಸ ಮಾಡಿದವರು ಬರ್ಲಿನ್ನಿನಿಂದ ದೇಶ ಬಿಟ್ಟು ಬಂದ ಓಟೋ ಕೋನಿಗ್ಸ್‌ಬರ್ಗರ್ ಎಂಬ ಯಹೂದಿ ವಾಸ್ತುಶಿಲ್ಪಿ. ಅವರು ತಮ್ಮ ಬಾಳಿನ ಉತ್ತರಾರ್ಧವನ್ನು ಕಳೆದದ್ದು ಈ ಲಂಡನ್ನಿನಲ್ಲಿ. ಇಲ್ಲೇ 1999ರಲ್ಲಿ ತೀರಿಕೊಂಡರು. ಈ ಸಂಗತಿಗಳೆಲ್ಲ ನನಗೆ ತಿಳಿದದ್ದು ನಿವೃತ್ತನಾದ ಮೇಲೆ. ಮೂವತ್ತು ವರ್ಷ ಇಲ್ಲಿನ ಒಂದು ನಗರಸಭೆಯ ವಸತಿ ವಿಭಾಗದಲ್ಲಿ ಸಿವಿಲ್ ಎಂಜಿನಿಯರಾಗಿ ದುಡಿದವನಿಗೆ, ತನ್ನೂರಿನ ಸರಕಾರಿ ವಾಸ್ತುಶಿಲ್ಪಿ ತಾನಿರುವ ಊರಿನಲ್ಲೇ ಇದ್ದರೆಂಬುದು ಗೊತ್ತಿರಲಿಲ್ಲ. ಆ ನಾಚಿಕೆಯಿಂದಲೇ ಈ ಓದು ಶುರುವಾಯಿತು.

ಕಳೆದ ಇಪ್ಪತ್ತು ವರ್ಷಗಳಲ್ಲಿ ಕೋನಿಗ್ಸ್‌ಬರ್ಗರ್ ಅವರ ಬಗ್ಗೆ ಒಳ್ಳೆಯ ಸಂಶೋಧನೆ ನಡೆದಿದೆ. ಅದರಲ್ಲಿ ಎರಡನ್ನು ಇಲ್ಲಿ ವಿಮರ್ಶೆಗೆ ತೆಗೆದುಕೊಂಡಿದ್ದೇನೆ. ಒಂದು, ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ವಂದನಾ ಬವೇಜಾ 2008ರಲ್ಲಿ ಸಲ್ಲಿಸಿದ ಡಾಕ್ಟರೇಟ್ ಪ್ರಬಂಧ. ಇನ್ನೊಂದು, ಬರ್ಲಿನ್ನಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡಿದ ರೇಚಲ್ ಲೀ ಅವರ ಪ್ರಬಂಧ, ಲೇಖನಗಳು ಮತ್ತು 2015ರಲ್ಲಿ ಬಂದ ಪುಸ್ತಕ. ಎರಡನ್ನೂ ಸಂತೋಷದಿಂದ ಓದಿದೆ. ಮುಗಿಸಿದ ಮೇಲೆ ಒಂದು ಪ್ರಶ್ನೆ ಮಾತ್ರ ಉಳಿಯಿತು. ಅದನ್ನೇ ಶೀರ್ಷಿಕೆ ಮಾಡಿದ್ದೇನೆ.

ಬರ್ಲಿನ್, ಬೆಂಗಳೂರು, ಲಂಡನ್

ಮೊದಲು ಸ್ವಲ್ಪ ಹಿನ್ನೆಲೆ. ಕೋನಿಗ್ಸ್‌ಬರ್ಗರ್ 1908ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದರು. ಅಲ್ಲಿ ಹಾನ್ಸ್ ಪೋಲ್ಟ್ಸಿಗ್ ಅವರ ಶಿಷ್ಯರಾಗಿ ಓದಿದರು. 1933ರಲ್ಲಿ ಜರ್ಮನಿಯ ಹೆಸರಾಂತ ಶಿಂಕೆಲ್ ಪ್ರಶಸ್ತಿ ಅವರಿಗೆ ಬಂತು. ಯಹೂದಿಗಳನ್ನು ಸರಕಾರಿ ನೌಕರಿಯಿಂದ ಹೊರಹಾಕುವ ಕಾನೂನು ಬಂದದ್ದೂ ಅದೇ ವರ್ಷ. ಅವರು ಈಜಿಪ್ಟಿಗೆ ಹೋದರು, ಪ್ರಾಚೀನ ಈಜಿಪ್ಟಿನ ಬಾಗಿಲುಗಳ ರಚನೆಯ ಮೇಲೆ ಡಾಕ್ಟರೇಟ್ ಪ್ರಬಂಧ ಬರೆದರು. ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವರ ಸೋದರಮಾವ. ಸರ್ ಸಿ. ವಿ. ರಾಮನ್ ಅವರ ಆಹ್ವಾನದ ಮೇಲೆ 1935-36ರಲ್ಲಿ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದು ಹೋದ ಬಾರ್ನ್ ಇವರೇ. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ, 1939ರಲ್ಲಿ, ಕೋನಿಗ್ಸ್‌ಬರ್ಗರ್ ಮೈಸೂರು ಸರಕಾರದ ವಾಸ್ತುಶಿಲ್ಪಿಯಾಗಿ ಬೆಂಗಳೂರಿಗೆ ಬಂದರು. ಆಗ ಅವರಿಗೆ ಸುಮಾರು ಮೂವತ್ತು ವರ್ಷ.

ಮೈಸೂರು ಸಂಸ್ಥಾನಕ್ಕೆ ಜರ್ಮನರು ಹೊಸಬರೇನಲ್ಲ. ಲಾಲ್‌ಬಾಗಿನ ಕೃಂಬಿಗಲ್ ಹೆಸರು ಬೆಂಗಳೂರಿನವರಿಗೆಲ್ಲ ಗೊತ್ತು. ಆದರೆ ಕೋನಿಗ್ಸ್‌ಬರ್ಗರ್ ಮಾಡಿದ ಕೆಲಸ ಬೇರೆ ಜಾತಿಯದು. ಕೃಷ್ಣರಾವ್ ಪಾರ್ಕಿನ ಮಂಟಪವಲ್ಲದೆ ಟಾಟಾ ಇನ್‌ಸ್ಟಿಟ್ಯೂಟಿನ ವಿಮಾನ ಎಂಜಿನಿಯರಿಂಗ್ ವಿಭಾಗ, ಲೋಹಶಾಸ್ತ್ರ ವಿಭಾಗ ಮತ್ತು ಊಟದ ಹಾಲ್ ಕೂಡ ಅವರ ವಿನ್ಯಾಸಗಳೇ. ಮೈಸೂರಿನ ಕೆಲಸದ ಜೊತೆಗೆ ಟಾಟಾ ಸಂಸ್ಥೆಗಾಗಿ ಜಮ್‌ಶೆಡ್‌ಪುರದ ಯೋಜನೆ ಮಾಡಿದರು. 1948ರಲ್ಲಿ ಒಡಿಶಾದ ಹೊಸ ರಾಜಧಾನಿ ಭುವನೇಶ್ವರದ ಯೋಜನೆ ಸಿದ್ಧಪಡಿಸಿದರು. ಅದೇ ವರ್ಷ ಕೇಂದ್ರ ಸರಕಾರದ ವಸತಿ ನಿರ್ದೇಶಕರಾಗಿ ದೆಹಲಿಗೆ ಹೋದರು. ದೇಶ ವಿಭಜನೆಯಾಗಿ ಲಕ್ಷಾಂತರ ಜನ ಸೂರಿಲ್ಲದೆ ನಿಂತಿದ್ದ ಕಾಲ ಅದು. ಮನೆಗಳನ್ನು ಕಾರ್ಖಾನೆಯಲ್ಲೇ ತಯಾರಿಸುವ ದೊಡ್ಡ ಯೋಜನೆ ದೆಹಲಿಯಲ್ಲಿ ಸೋತಿತು. 1951ರಲ್ಲಿ ಅವರು ಲಂಡನ್ನಿಗೆ ಬಂದರು.

ಇಲ್ಲಿ ಎಎ ಎಂದು ಹೆಸರಾದ ವಾಸ್ತುಶಿಲ್ಪ ಶಾಲೆಯಲ್ಲಿ 1954ರಲ್ಲಿ ಉಷ್ಣವಲಯದ ವಾಸ್ತುಶಿಲ್ಪ ವಿಭಾಗ ಶುರುವಾಯಿತು. ಅದರ ಮೊದಲ ಮುಖ್ಯಸ್ಥರು ಮ್ಯಾಕ್ಸ್‌ವೆಲ್ ಫ್ರೈ. ಕೆಲವೇ ವರ್ಷಗಳಲ್ಲಿ ಅದನ್ನು ಕೋನಿಗ್ಸ್‌ಬರ್ಗರ್ ವಹಿಸಿಕೊಂಡರು. 1971ರಲ್ಲಿ ಆ ವಿಭಾಗ ಯೂನಿವರ್ಸಿಟಿ ಕಾಲೇಜ್ ಲಂಡನ್ನಿಗೆ ಬಂದು ಡೆವಲಪ್‌ಮೆಂಟ್ ಪ್ಲಾನಿಂಗ್ ಯೂನಿಟ್ ಆಯಿತು. ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕಗಳ ಎಷ್ಟೋ ನಗರಯೋಜಕರು ಅಲ್ಲಿ ಕಲಿತವರು. 1963ರಲ್ಲಿ ಸಿಂಗಪುರದ ಬೆಳವಣಿಗೆಗೆ ಸಲಹೆ ಕೊಡಲು ವಿಶ್ವಸಂಸ್ಥೆ ಕಳಿಸಿದ ಮೂವರಲ್ಲಿ ಕೋನಿಗ್ಸ್‌ಬರ್ಗರ್ ಒಬ್ಬರು. 1970ರ ದಶಕದಲ್ಲಿ ಅವರು ಸಂಗಡಿಗರೊಡನೆ ಬರೆದ ಉಷ್ಣವಲಯದ ಮನೆಗಳ ಕೈಪಿಡಿ ಭಾರತದ ವಾಸ್ತುಶಿಲ್ಪ ಕಾಲೇಜುಗಳಲ್ಲಿ ಪಠ್ಯವಾಯಿತು. ನಮ್ಮ ಮಕ್ಕಳಲ್ಲಿ ಆರ್ಕಿಟೆಕ್ಚರ್ ಓದಿದವರಿದ್ದರೆ ಕೇಳಿ ನೋಡಿ, ಆ ಪುಸ್ತಕವನ್ನು ಕಂಡೇ ಇರುತ್ತಾರೆ.

ಈ ಅಧ್ಯಯನಗಳು ಕೊಟ್ಟದ್ದು

ಬವೇಜಾ ಅವರ ಪ್ರಬಂಧದ ಮುಖ್ಯ ವಾದ ಹೀಗಿದೆ. ಇಂದು ನಾವು ಹಸಿರು ಕಟ್ಟಡ ಎನ್ನುವ ಕಲ್ಪನೆಗೆ ಒಂದು ಪೂರ್ವೇತಿಹಾಸ ಇದೆ. ಬಿಸಿಲು, ಗಾಳಿ, ಮಳೆಗಳನ್ನು ಲೆಕ್ಕಹಾಕಿ, ಯಂತ್ರಗಳ ಹಂಗಿಲ್ಲದೆ ಮನೆಯನ್ನು ಹಿತವಾಗಿಡುವ ಉಷ್ಣವಲಯದ ವಾಸ್ತುಶಿಲ್ಪವೇ ಆ ಪೂರ್ವೇತಿಹಾಸ. ಅದರ ಬೇರು ಲಂಡನ್ನಿನ ತರಗತಿಯಲ್ಲಿ ಮಾತ್ರ ಇಲ್ಲ, ಮೈಸೂರು ಸಂಸ್ಥಾನದಲ್ಲೂ ಇದೆ.

ಈ ವಾದದ ಬೆಲೆ ತಿಳಿಯಬೇಕಾದರೆ ಅದಕ್ಕೆ ಮೊದಲು ಏನು ಹೇಳುತ್ತಿದ್ದರು ಎಂಬುದು ಗೊತ್ತಿರಬೇಕು. ಉಷ್ಣವಲಯದ ವಾಸ್ತುಶಿಲ್ಪ ಎಂದರೆ ಮ್ಯಾಕ್ಸ್‌ವೆಲ್ ಫ್ರೈ, ಜೇನ್ ಡ್ರೂ ಮುಂತಾದ ಬ್ರಿಟಿಷರು ಪಶ್ಚಿಮ ಆಫ್ರಿಕದ ವಸಾಹತುಗಳಲ್ಲಿ ಕಟ್ಟಿದ್ದು ಎಂಬ ರೂಢಿಯ ಮಾತಿತ್ತು. ಅದರಲ್ಲಿ ಜ್ಞಾನ ಹುಟ್ಟುವುದು ಲಂಡನ್ನಿನಲ್ಲಿ, ಪ್ರಯೋಗವಾಗುವುದು ವಸಾಹತಿನಲ್ಲಿ. ಬವೇಜಾ ಈ ದಾರಿಯನ್ನು ತಿರುಗಿಸಿ ಹಾಕುತ್ತಾರೆ. ಸಿಮೆಂಟು, ಉಕ್ಕು ದುರ್ಲಭವಾಗಿದ್ದ ಯುದ್ಧಕಾಲದಲ್ಲಿ, ಬ್ರಿಟಿಷರ ನೇರ ಆಡಳಿತವಿಲ್ಲದ ಒಂದು ಸಂಸ್ಥಾನದಲ್ಲಿ, ಇದ್ದದ್ದರಲ್ಲಿ ಕಟ್ಟುವುದನ್ನು ಒಬ್ಬ ವಲಸಿಗ ಕಲಿತ. ಅದನ್ನೇ ಲಂಡನ್ನಿಗೆ ಒಯ್ದು ಕಲಿಸಿದ. ಅಂದರೆ ಮೈಸೂರು ಪ್ರಯೋಗಕ್ಕೆ ಸಿಕ್ಕಿದ ಊರಲ್ಲ, ಪಾಠ ಹೇಳಿದ ಊರು. ಕನ್ನಡಿಗನಾಗಿ ನನಗೆ ಇದು ಸಣ್ಣ ಸಂತೋಷವಲ್ಲ.

ರೇಚಲ್ ಲೀ ಅವರ ದಾರಿ ಬೇರೆ. ಅವರಿಗೆ ಮುಖ್ಯವಾದದ್ದು ಸಂಬಂಧಗಳ ಜಾಲ. ನೆಲೆ ಕಳೆದುಕೊಂಡ ಒಬ್ಬ ಮನುಷ್ಯ ಬಂಧುಗಳು, ದಿವಾನರು, ಉದ್ಯಮಿಗಳು, ವಿಜ್ಞಾನಿಗಳ ಪರಿಚಯದ ಮೂಲಕ ಹೇಗೆ ಕೆಲಸ ಕಂಡುಕೊಂಡ, ಒಬ್ಬೊಬ್ಬರ ಜೊತೆಗೂ ಹೇಗೆ ಹೊಂದಿಕೊಂಡು ಕಟ್ಟಿದ ಎಂಬುದನ್ನು ಅವರು ಬಿಡಿಸಿ ತೋರಿಸುತ್ತಾರೆ. ಟಾಟಾ ಸಂಸ್ಥೆಯ ಜೊತೆಗಿನ ಒಡನಾಟದ ಬಗ್ಗೆ ಅವರು ಬರೆದ ಲೇಖನ ನನಗೆ ತುಂಬ ಹಿಡಿಸಿತು. ಗುಮ್ಮಟ, ಕಮಾನುಗಳನ್ನು ಮೆಚ್ಚುವ ಮಿರ್ಜಾ ಅವರ ಅಭಿರುಚಿಗೂ ಬರ್ಲಿನ್ನಿನಲ್ಲಿ ಆಧುನಿಕ ವಿನ್ಯಾಸ ಕಲಿತು ಬಂದವರ ಅಭಿರುಚಿಗೂ ಎಷ್ಟು ದೂರ! ಆ ದೂರದಲ್ಲಿ ನಡೆದ ಕೊಡುಕೊಳೆಯೇ ಬೆಂಗಳೂರಿನ ಆ ಕಟ್ಟಡಗಳು ಎಂದು ಓದಿದ ಮೇಲೆ ಪಾರ್ಕಿನ ಮಂಟಪವನ್ನು ನಾನು ಬೇರೆ ಕಣ್ಣಿನಿಂದ ನೋಡುತ್ತೇನೆ. ಪರದೇಶದಲ್ಲಿ ಬದುಕು ಕಟ್ಟಿಕೊಂಡ ನಮಗೆ ಈ ಭಾಗ ಬೇಗ ಅರ್ಥವಾಗುತ್ತದೆ. ಯಾರೋ ಒಬ್ಬರು ಯಾರಿಗೋ ಒಂದು ಮಾತು ಹೇಳಿದ್ದರಿಂದ ಮೊದಲ ಕೆಲಸ ಸಿಕ್ಕಿದ ಕಥೆ ನಮ್ಮಲ್ಲಿ ಎಷ್ಟು ಮನೆಗಳಲ್ಲಿಲ್ಲ?

ಹವೆಯೊಂದೇ ಮನೆ ಕಟ್ಟುವುದಿಲ್ಲ

ಇನ್ನು ತಕರಾರುಗಳು. ಮೊದಲನೆಯದು ಹವಾಮಾನದ್ದು.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಊರು. ಕೋನಿಗ್ಸ್‌ಬರ್ಗರ್ ಅವರ ಕೈಪಿಡಿ ಉಷ್ಣವಲಯವನ್ನು ಬಿಸಿಲು ಮತ್ತು ತೇವದ ಲೆಕ್ಕದಲ್ಲಿ ಹಲವು ಪಂಗಡ ಮಾಡುತ್ತದೆ. ಅದರ ಪ್ರಕಾರ ನಮ್ಮೂರು ಬರುವುದು ಎತ್ತರದ ಪ್ರಸ್ಥಭೂಮಿಗಳ ಪಂಗಡಕ್ಕೆ, ನೈರೋಬಿಯಂಥ ಊರುಗಳ ಸಾಲಿಗೆ. ಅಲ್ಲಿ ಸೆಕೆ ದೊಡ್ಡ ಶತ್ರುವಲ್ಲ. ನಮ್ಮ ಮನೆಗೆ ಮೊದಲ ಫ್ಯಾನು ಬಂದದ್ದು ನಾನು ಕಾಲೇಜಿಗೆ ಸೇರಿದ ಮೇಲೆ, ಅದೂ ನೆಂಟರ ಮುಂದೆ ಮರ್ಯಾದೆಗೆ. ಹಾಗಿರುವಾಗ, ಸೆಕೆಯ ನಾಡುಗಳಿಗಾಗಿ ಬೆಳೆದ ಶಾಸ್ತ್ರದ ಬೇರನ್ನು ಫ್ಯಾನೂ ಬೇಡದ ಊರಿನಲ್ಲಿ ಹುಡುಕುವಾಗ ಸ್ವಲ್ಪ ಎಚ್ಚರ ಬೇಕು. ಮೈಸೂರು ಸಂಸ್ಥಾನವೆಂದರೆ ಬೆಂಗಳೂರೊಂದೇ ಅಲ್ಲ ನಿಜ. ಆದರೆ ನಾವು ಮಾತಾಡುತ್ತಿರುವ ಹೆಸರಾಂತ ಕಟ್ಟಡಗಳು ಇರುವುದು ಬೆಂಗಳೂರಿನಲ್ಲಿ. ಅಲ್ಲಿ ಅವರು ಕಲಿತದ್ದು ಸೆಕೆಯ ನಿವಾರಣೆಗಿಂತ ಹೆಚ್ಚಾಗಿ ಅಭಾವದ ನಿರ್ವಹಣೆ ಎಂದು ನನಗನ್ನಿಸುತ್ತದೆ: ಸಿಮೆಂಟಿಲ್ಲದಾಗ ಏನು, ಉಕ್ಕಿಲ್ಲದಾಗ ಏನು, ಹಣವಿಲ್ಲದಾಗ ಏನು. ಬವೇಜಾ ಅವರಲ್ಲಿ ಈ ಎಳೆ ಇದೆ. ಹಸಿರಿನ ವಾದ ಮುಂದೆ ಬಂದು ಅದನ್ನು ಹಿಂದಕ್ಕೆ ತಳ್ಳುತ್ತದೆ ಎಂಬುದು ನನ್ನ ದೂರು.

ಎರಡನೆಯ ತಕರಾರು ಇದಕ್ಕಿಂತ ಆಳದ್ದು. ಹವಾಮಾನದ ಕಣ್ಣಿಗೆ ನಮ್ಮ ಹಳೆಯ ಮನೆ ತುಂಬ ಜಾಣತನದ ವಸ್ತುವಾಗಿ ಕಾಣುತ್ತದೆ. ಜಗಲಿ ಎಂದರೆ ನೆರಳು, ತೊಟ್ಟಿ ಎಂದರೆ ಗಾಳಿ, ಗವಾಕ್ಷಿ ಎಂದರೆ ಬೆಳಕು. ಎಲ್ಲ ಸರಿ. ಆದರೆ ಜಗಲಿಯ ಮೇಲೆ ಯಾರು ಕೂರಬಹುದು, ಪಡಸಾಲೆಯವರೆಗೆ ಯಾರು ಬರಬಹುದು, ನಡುಮನೆಯ ಹೊಸಿಲು ಯಾರಿಗೆ ಗಡಿ ಎಂಬ ಲೆಕ್ಕವೂ ಅದೇ ಮನೆಯ ವಿನ್ಯಾಸ. ನಮ್ಮಜ್ಜಿಯ ಅಡುಗೆಮನೆ ಮನೆಯ ಅತ್ಯಂತ ಹೊಗೆಯ, ಅತ್ಯಂತ ಕತ್ತಲೆಯ ಮೂಲೆಯಲ್ಲಿತ್ತು. ಗಾಳಿಯ ಶಾಸ್ತ್ರ ಅದನ್ನು ವಿವರಿಸಲಾರದು, ಮಡಿಯ ಶಾಸ್ತ್ರ ವಿವರಿಸುತ್ತದೆ.

ಊರಿನ ಮಟ್ಟದಲ್ಲೂ ಹೀಗೆಯೇ. ಮಲ್ಲೇಶ್ವರ, ಬಸವನಗುಡಿಗಳು 1898ರ ಪ್ಲೇಗಿನ ಆಸುಪಾಸಿನಲ್ಲಿ ಬೆಳೆದ ಬಡಾವಣೆಗಳು. ಅಗಲವಾದ ಬೀದಿ, ಒಳ್ಳೆಯ ಗಾಳಿ, ಆರೋಗ್ಯ ಎಂದು ಅವನ್ನು ಹೊಗಳುವುದು ವಾಡಿಕೆ. ಆದರೆ ಎರಡು ಸಾಲು ಮನೆಗಳ ಬೆನ್ನುಗಳ ನಡುವೆ ಒಂದು ಕಿರಿದಾದ ಗಲ್ಲಿಯಿತ್ತು, ಕನ್ಸರ್ವೆನ್ಸಿ ಎಂದು ಕರೆಯುತ್ತಿದ್ದೆವು. ನಾವು ಹುಡುಗರು ಚೆಂಡು ಬಿದ್ದರೆ ಮಾತ್ರ ಅಲ್ಲಿಗೆ ಹೋಗುತ್ತಿದ್ದದ್ದು. ಮಲ ಎತ್ತಲು ಬರುವವರು ಮುಂಬಾಗಿಲಿನ ಕಣ್ಣಿಗೆ ಬೀಳದೆ ಬಂದು ಹೋಗಲಿ ಎಂದು ಎಂಜಿನಿಯರುಗಳು ಅಳೆದು ಬಿಟ್ಟ ದಾರಿ ಅದು. ಆರೋಗ್ಯದ ಯೋಜನೆ ಮತ್ತು ಜಾತಿಯ ಯೋಜನೆ ಒಂದೇ ನಕ್ಷೆಯಲ್ಲಿ ಒಂದೇ ಶಾಯಿಯಲ್ಲಿ ಬರೆದದ್ದು. ಬೆಂಗಳೂರಿನಲ್ಲಿ ವಸತಿಯ ಬಗ್ಗೆ ಯೋಚಿಸಿದ ಯಾವ ವಾಸ್ತುಶಿಲ್ಪಿಯೂ ಇದರ ನಡುವೆಯೇ ಓಡಾಡಿರಬೇಕು. ಉಷ್ಣವಲಯದ ಮನೆ ಎಂಬ ಮಾತಿನೊಳಗೆ ಈ ಗಲ್ಲಿ ಎಲ್ಲಿ ಹೋಯಿತು? ಕೈಪಿಡಿಯ ಮೊದಲ ಭಾಗದ ಹೆಸರೇ ಹವಾಮಾನಕ್ಕೆ ತಕ್ಕ ವಿನ್ಯಾಸ ಎಂದು. ಹವಾಮಾನಕ್ಕೆ ಜಾತಿಯಿಲ್ಲ, ಆದ್ದರಿಂದ ಅದರ ಬಗ್ಗೆ ಎಲ್ಲರೂ ನೆಮ್ಮದಿಯಿಂದ ಮಾತಾಡಬಹುದು. ಇದನ್ನು ಇತಿಹಾಸಕಾರರು ಇನ್ನಷ್ಟು ಒತ್ತಿ ಕೇಳಬೇಕಿತ್ತು.

ಇದು ಅಸಾಧ್ಯದ ಬೇಡಿಕೆಯಲ್ಲ ಎಂಬುದಕ್ಕೆ ಜಾನಕಿ ನಾಯರ್ ಅವರ ಬೆಂಗಳೂರಿನ ಇತಿಹಾಸವೇ ಸಾಕ್ಷಿ. 2005ರಲ್ಲಿ ಬಂದ ಆ ಪುಸ್ತಕ ನಗರವನ್ನು ಯೋಜನೆ ಮಾಡಿದವರ ಕಣ್ಣಿನಿಂದ ಮಾತ್ರ ನೋಡದೆ, ಅದರಲ್ಲಿ ಜಾಗಕ್ಕಾಗಿ ಹೆಣಗಿದವರ ಕಡೆಯಿಂದಲೂ ನೋಡುತ್ತದೆ. ಅದನ್ನೂ ಕೋನಿಗ್ಸ್‌ಬರ್ಗರ್ ಅಧ್ಯಯನಗಳನ್ನೂ ಒಂದೇ ಮೇಜಿನ ಮೇಲಿಟ್ಟು ಓದಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಕಟ್ಟಿದ ಕೈಗಳು

ಮೂರನೆಯ ತಕರಾರು ನನ್ನ ವೃತ್ತಿಯಿಂದ ಬಂದದ್ದು.

ದೆಹಲಿಯ ಮನೆ ಕಾರ್ಖಾನೆಯ ಸೋಲನ್ನು ಸಂಶೋಧಕರು ಮುಚ್ಚಿಟ್ಟಿಲ್ಲ. ಹಗುರ ಕಾಂಕ್ರೀಟಿನ ಹಲಗೆಗಳು ಬಿರುಕು ಬಿಟ್ಟವು, ಪಾರ್ಲಿಮೆಂಟಿನವರೆಗೆ ಗಲಾಟೆಯಾಯಿತು. ಈ ಸೋಲಿನಿಂದಲೇ ಕೋನಿಗ್ಸ್‌ಬರ್ಗರ್ ಸಿದ್ಧ ಮನೆಗಳ ಕನಸನ್ನು ಬಿಟ್ಟು, ಜನರ ಜೊತೆಗೆ ಹಂತಹಂತವಾಗಿ ಯೋಜಿಸುವ ಕಡೆಗೆ ಹೊರಳಿದರು ಎಂದು ನಾನು ಅರ್ಥಮಾಡಿಕೊಂಡಿದ್ದೇನೆ. ಆದರೆ ಒಬ್ಬ ಎಂಜಿನಿಯರ್ ಬಿರುಕನ್ನು ನೋಡಿದಾಗ ಮೊದಲು ಕೇಳುವ ಪ್ರಶ್ನೆ ಬೇರೆ. ಹಲಗೆಯನ್ನು ಎತ್ತಿದವರು ಯಾರು, ಜೋಡಿಸಿದವರು ಯಾರು, ಅವರಿಗೆ ಯಾರು ಏನು ಹೇಳಿಕೊಟ್ಟಿದ್ದರು?

ಈ ದೇಶವೇ ಆ ಪಾಠವನ್ನು ದುಬಾರಿ ಬೆಲೆ ಕೊಟ್ಟು ಕಲಿತಿದೆ. 1968ರ ಮೇ 16ರ ಬೆಳಗ್ಗೆ ಪೂರ್ವ ಲಂಡನ್ನಿನ ರೋನನ್ ಪಾಯಿಂಟ್ ಎಂಬ 22 ಮಹಡಿಯ ಕಟ್ಟಡದಲ್ಲಿ ಗ್ಯಾಸ್ ಸ್ಫೋಟವಾಗಿ, ಒಂದು ಮೂಲೆ ಮೇಲಿಂದ ಕೆಳಗಿನವರೆಗೆ ಇಸ್ಪೀಟೆಲೆಯಂತೆ ಕುಸಿಯಿತು. ಜನ ಸತ್ತರು. ಅದೂ ಕಾರ್ಖಾನೆಯಲ್ಲಿ ಮಾಡಿ ತಂದ ಗೋಡೆಗಳ ಕಟ್ಟಡವೇ. 1986ರಲ್ಲಿ ಅದನ್ನು ಬಿಚ್ಚಿದಾಗ ವಿನ್ಯಾಸದ ದೋಷವಲ್ಲದೆ ಕೆಲಸದ ದೋಷವೂ ಹೊರಬಿತ್ತು. ಗಾರೆ ತುಂಬಬೇಕಿದ್ದ ಸಂದುಗಳಲ್ಲಿ ಕಸ ತುಂಬಿತ್ತು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ಹಿರಿಯ ಅಧಿಕಾರಿಯೊಬ್ಬರು ಹೇಳುತ್ತಿದ್ದ ಮಾತು ಇಂದಿಗೂ ಕಿವಿಯಲ್ಲಿದೆ: ನಕ್ಷೆಯಲ್ಲಿ ಸಂದು ಒಂದು ಗೆರೆ ಅಷ್ಟೆ, ಕಟ್ಟಡದಲ್ಲಿ ಅದು ಒಬ್ಬ ಮನುಷ್ಯನ ಮಧ್ಯಾಹ್ನ.

ಹಾಗಾದರೆ ಟಾಟಾ ಇನ್‌ಸ್ಟಿಟ್ಯೂಟಿನ ಊಟದ ಹಾಲಿನಲ್ಲಿ ಯಾರ ಮಧ್ಯಾಹ್ನಗಳಿವೆ? ಮೈಸೂರಿನ ಎಂಜಿನಿಯರುಗಳಿಗೆ ಸಿಮೆಂಟಿಲ್ಲದೆ ಕಟ್ಟುವುದನ್ನು ಹೊರಗಿನವರು ಹೇಳಿಕೊಡಬೇಕಾಗಿರಲಿಲ್ಲ. ಕನ್ನಂಬಾಡಿ ಕಟ್ಟೆಯನ್ನೇ ಅವರು ಸುಣ್ಣ, ಸುರ್ಕಿಯ ಗಾರೆಯಲ್ಲಿ ಕಟ್ಟಿ ನಿಲ್ಲಿಸಿದ್ದರು. ಚಪ್ಪಡಿ ಕಲ್ಲನ್ನು ಬೆಂಕಿ ಹಾಕಿ ಸೀಳುವ ಬೋವಿಗಳು, ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಮದ್ರಾಸ್ ತಾರಸಿ ಹಾಕುವ ಗಾರೆಯವರು, ಹೆಂಚಿನ ಮಾಡಿಗೆ ಮರ ಕೂಡಿಸುವ ಬಡಗಿಗಳು, ತಲೆಯ ಮೇಲೆ ಬಾಂಡಲಿ ಹೊತ್ತ ಹೆಣ್ಣಾಳುಗಳು ಇದ್ದರು. ಇವರೆಲ್ಲರ ಮೇಲೆ ಮರಾಮತ್ತು ಇಲಾಖೆಯ ಮೇಸ್ತ್ರಿ, ಓವರ್‌ಸಿಯರುಗಳಿದ್ದರು. ಅವರಲ್ಲಿ ಕನ್ನಡ, ತಮಿಳು, ತೆಲುಗು, ದಖನಿ ಮಾತಾಡುವವರಿದ್ದರು. ಬರ್ಲಿನ್ನಿನಿಂದ ಬಂದ ಯುವಕ ಇವರೊಡನೆ ಯಾವ ಭಾಷೆಯಲ್ಲಿ ಮಾತಾಡಿದ? ನಕ್ಷೆ ಕಚೇರಿಯಿಂದ ಕಟ್ಟಡದ ಜಾಗಕ್ಕೆ ಹೋಗುವಷ್ಟರಲ್ಲಿ ಎಷ್ಟು ಬದಲಾಯಿತು, ಬದಲಾಯಿಸಿದವರು ಯಾರು?

ಮೈಸೂರು ಪಾಠ ಹೇಳಿತು ಎನ್ನುತ್ತಾರೆ ಸಂಶೋಧಕರು. ಊರು ಪಾಠ ಹೇಳುವುದಿಲ್ಲ, ಜನ ಹೇಳುತ್ತಾರೆ. ಶಿಷ್ಯನ ಹೆಸರು, ಮಾವನ ಹೆಸರು, ದಿವಾನರ ಹೆಸರು ಪುಟಪುಟದಲ್ಲೂ ಇದೆ. ಮೇಷ್ಟರುಗಳ ಹೆಸರು ನನಗೆ ಸಿಗಲಿಲ್ಲ.

ತಾತನ ಟ್ರಂಕು

ಇಷ್ಟು ಹೇಳಿ ಸುಮ್ಮನಿದ್ದರೆ ಅಪ್ರಾಮಾಣಿಕತೆಯಾಗುತ್ತದೆ. ಆ ಹೆಸರುಗಳು ಸಿಗದಿರುವುದಕ್ಕೆ ನಾನೂ ಕಾರಣ.

ನಮ್ಮ ತಾತ ಮೈಸೂರು ಸಂಸ್ಥಾನದ ಮರಾಮತ್ತು ಇಲಾಖೆಯಲ್ಲಿ, ಅಂದರೆ ಪಿಡಬ್ಲ್ಯುಡಿಯಲ್ಲಿ, ಓವರ್‌ಸಿಯರ್ ಆಗಿದ್ದರು. ಇಲಾಖೆಯ ಅಳತೆ ಪುಸ್ತಕಗಳನ್ನು ಕಚೇರಿಗೇ ಒಪ್ಪಿಸಬೇಕು. ತಾತ ಅದರ ಜೊತೆಗೆ ತಮ್ಮದೇ ಡೈರಿಗಳನ್ನೂ ಇಡುತ್ತಿದ್ದರು. ಅವು ಅಟ್ಟದ ಮೇಲೆ ಒಂದು ತಗಡಿನ ಟ್ರಂಕಿನಲ್ಲಿದ್ದವು. ಮೂರು ವರ್ಷದ ಹಿಂದೆ ಬಸವನಗುಡಿಯ ಮನೆಯನ್ನು ಒಡೆದು ಫ್ಲ್ಯಾಟ್ ಕಟ್ಟಲು ಬಿಲ್ಡರಿಗೆ ಕೊಟ್ಟೆವು. ಮನೆ ಖಾಲಿ ಮಾಡುವಾಗ ತಂಗಿ ಫೋನ್ ಮಾಡಿದಳು. "ಅಣ್ಣ, ತಾತನ ಟ್ರಂಕು ಏನು ಮಾಡಲಿ? ಗೆದ್ದಲು ಹಿಡಿದಿದೆ" ಎಂದಳು. ನಾನು ಇಲ್ಲಿ ಯಾವುದೋ ಮೀಟಿಂಗಿಗೆ ಹೊರಟಿದ್ದೆ. "ಲೆಕ್ಕದ ಪುಸ್ತಕ ತಾನೆ, ರದ್ದಿಗೆ ಹಾಕಮ್ಮ" ಎಂದೆ. ಬವೇಜಾ ಅವರ ಪ್ರಬಂಧವನ್ನು ನಾನು ಓದಿದ್ದು ಅದಾದ ಐದು ತಿಂಗಳಿಗೆ.

ಒಂದು ಡೈರಿ ಉಳಿದಿದೆ. ಅಕ್ಷರ ಮುದ್ದಾಗಿದೆ ಎಂದು ತಂಗಿಯ ಮಗಳು ಎತ್ತಿಟ್ಟುಕೊಂಡಿದ್ದಳು. ಅದರ ಪುಟಗಳ ಚಿತ್ರಗಳನ್ನು ಅವಳು ಕಳಿಸಿದ್ದಾಳೆ, ಭಾನುವಾರಗಳಲ್ಲಿ ಫೋನಿನಲ್ಲಿ ಇಬ್ಬರೂ ಕೂತು ಓದುತ್ತೇವೆ. 1940ರ ದಶಕದ ಬರಹ. ಅಳತೆಗಳು ಇಂಗ್ಲಿಷ್ ಅಂಕಿಯಲ್ಲಿ, ಉಳಿದದ್ದೆಲ್ಲ ಕನ್ನಡದಲ್ಲಿ. ಎಷ್ಟು ಗಂಡಾಳು, ಎಷ್ಟು ಹೆಣ್ಣಾಳು, ಯಾರಿಗೆ ಬಟವಾಡೆ ಬಾಕಿ. ಸುಣ್ಣ ಸರಿಯಾಗಿ ಅರಳಿಲ್ಲವೆಂದು ಗಾಣದ ಗಾರೆಯನ್ನು ವಾಪಸು ಕಳಿಸಿದ್ದು. ಚಪ್ಪಡಿ ಒಡೆದು ಒಬ್ಬನ ಕಾಲಿಗೆ ಬಿದ್ದದ್ದು, ಅವನನ್ನು ವಿಕ್ಟೋರಿಯಾ ಆಸ್ಪತ್ರೆಗೆ ಸಾಗಿಸಿದ್ದು, ಅವನ ಹೆಂಡತಿ ಮಾರನೆಯ ದಿನ ಅವನ ಬದಲು ಕೆಲಸಕ್ಕೆ ಬಂದದ್ದು. ಕಿಟಕಿಯ ಮೇಲಿನ ಸಜ್ಜಾ ನಕ್ಷೆಯಲ್ಲಿದ್ದಷ್ಟು ಮುಂದೆ ಬಂದರೆ ನಿಲ್ಲುವುದಿಲ್ಲ ಎಂದು ಮೇಸ್ತ್ರಿ ಹಟ ಹಿಡಿದದ್ದು, ಕೊನೆಗೆ ಮೇಸ್ತ್ರಿ ಹೇಳಿದಂತೆಯೇ ಮಾಡಿದ್ದು.

ಅದು ಯಾವ ಕಟ್ಟಡ? ತಾತ ಬರೆದಿಲ್ಲ. ವಾಸ್ತುಶಿಲ್ಪಿಯ ಹೆಸರೂ ಇಲ್ಲ, "ದೊರೆಗಳು ಬಂದು ನೋಡಿ ಹೋದರು" ಎಂದು ಎರಡು ಕಡೆ ಇದೆ ಅಷ್ಟೆ. ಕೋನಿಗ್ಸ್‌ಬರ್ಗರ್ ಇರಬಹುದು, ಬೇರೆ ಯಾವ ಎಂಜಿನಿಯರಾದರೂ ಇರಬಹುದು. ನಾನು ಅವರೇ ಎಂದು ಸಾಧಿಸಲು ಹೊರಟಿಲ್ಲ. ನನ್ನ ಗಮನಕ್ಕೆ ಬಂದದ್ದು ಇಷ್ಟು. ಸಂಶೋಧನೆಯಲ್ಲಿ ವಾಸ್ತುಶಿಲ್ಪಿ ಇದ್ದಾರೆ, ಮೇಸ್ತ್ರಿಯಿಲ್ಲ. ತಾತನ ಡೈರಿಯಲ್ಲಿ ಮೇಸ್ತ್ರಿ ಇದ್ದಾನೆ, ವಾಸ್ತುಶಿಲ್ಪಿಯಿಲ್ಲ. ಟ್ರಂಕಿನಲ್ಲಿದ್ದ ಉಳಿದ ಡೈರಿಗಳಲ್ಲಿ ಇಬ್ಬರೂ ಒಂದೇ ಪುಟದಲ್ಲಿ ಎಲ್ಲಾದರೂ ಇದ್ದರೋ ಏನೋ. ಅದನ್ನು ತಿಳಿಯುವ ದಾರಿಯನ್ನು ನಾನೇ ರದ್ದಿಯವನ ತಕ್ಕಡಿಗೆ ಹಾಕಿಸಿದೆ.

ಆದ್ದರಿಂದ ಬವೇಜಾ ಅವರನ್ನಾಗಲಿ ಲೀ ಅವರನ್ನಾಗಲಿ ದೂರುವ ಹಕ್ಕು ನನಗೆ ಪೂರ್ತಿ ಇಲ್ಲ. ಅವರು ಇದ್ದ ಕಾಗದಗಳನ್ನು ಓದಿದರು. ಲಂಡನ್ನಿನಲ್ಲಿ ಒಬ್ಬ ವಾಸ್ತುಶಿಲ್ಪಿಯ ಮನೆಯವರು ಅವನ ಕಾಗದಪತ್ರಗಳನ್ನು ಜೋಪಾನ ಮಾಡಿದರು, ಅದರಿಂದ ಇತಿಹಾಸ ಬಂತು. ಬಸವನಗುಡಿಯಲ್ಲಿ ಒಬ್ಬ ಓವರ್‌ಸಿಯರ್ ಮನೆಯವರು ಜೋಪಾನ ಮಾಡಲಿಲ್ಲ, ಅದರಿಂದ ಇತಿಹಾಸ ಬರಲಿಲ್ಲ. ಯಾರ ಇತಿಹಾಸ ಬರೆಯಲ್ಪಡುತ್ತದೆ ಎಂಬುದು ವಿಶ್ವವಿದ್ಯಾಲಯಗಳಲ್ಲಿ ಮಾತ್ರ ತೀರ್ಮಾನವಾಗುವುದಿಲ್ಲ. ಮನೆ ಖಾಲಿ ಮಾಡುವ ದಿನವೂ ತೀರ್ಮಾನವಾಗುತ್ತದೆ.

ನಾವು ಮಾಡಬಹುದಾದದ್ದು

ಈ ಎರಡು ಅಧ್ಯಯನಗಳನ್ನು ಓದಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಬೆಂಗಳೂರಿನ ಕಟ್ಟಡಗಳ ಮೇಲೆ ಇಷ್ಟು ಶ್ರದ್ಧೆಯಿಂದ ಕೆಲಸವಾಗಿರುವುದು ವಿರಳ. ಹಳೆಯ ಕಟ್ಟಡಗಳು ಒಂದೊಂದಾಗಿ ಮಾಯವಾಗುತ್ತಿರುವ ಊರಿನಲ್ಲಿ ಇಂಥ ಬರಹ ಒಂದು ಬಗೆಯ ಕಾವಲು ಕೂಡ. ಆದರೆ ಇದರ ಮುಂದಿನ ಅಧ್ಯಾಯ ಬರೆಯಬೇಕಾದರೆ ಕನ್ನಡ ಓದಬಲ್ಲವರು ಬೇಕು, ಮತ್ತು ಓದಲು ಕನ್ನಡದ ಕಾಗದಗಳು ಬೇಕು. ಎರಡೂ ನಮ್ಮ ಮನೆಗಳಲ್ಲಿವೆ.

ನಮ್ಮ ಸಂಘದಲ್ಲಿ ಎಂಬತ್ತು ದಾಟಿದ ಹಿರಿಯರಿದ್ದಾರೆ. ಕೆಲವರು ಪಿಡಬ್ಲ್ಯುಡಿ ಕ್ವಾರ್ಟರ್ಸಿನಲ್ಲಿ, ಕೆಲವರು ವಠಾರದಲ್ಲಿ, ಕೆಲವರು ತೊಟ್ಟಿಮನೆಯಲ್ಲಿ ಬೆಳೆದವರು. ಬಾವಿ ಎಲ್ಲಿತ್ತು, ಬಚ್ಚಲ ಹಂಡೆಗೆ ಸೌದೆ ಯಾರು ತರುತ್ತಿದ್ದರು, ಮುಟ್ಟಾದವರು ಎಲ್ಲಿ ಮಲಗುತ್ತಿದ್ದರು, ಬಾಡಿಗೆಗೆ ಮನೆ ಕೇಳಿದಾಗ ಮೊದಲ ಪ್ರಶ್ನೆ ಏನಿರುತ್ತಿತ್ತು ಎಂದು ಅವರನ್ನು ಕೇಳಿ ಬರೆದಿಟ್ಟುಕೊಳ್ಳೋಣ. ಇದು ಬರಿಯ ಹಳೆಯ ನೆನಪಲ್ಲ. ಯಾವ ಕೈಪಿಡಿಯಲ್ಲೂ ಇಲ್ಲದ ವಸತಿಯ ಇತಿಹಾಸ ಇದು. ಊರಿನಲ್ಲಿ ಮನೆ ಮಾರುವ, ಒಡೆಯುವ ಮಾತು ನಡೆಯುತ್ತಿದ್ದರೆ ಕ್ರಯಪತ್ರ, ಹಳೆಯ ನಕ್ಷೆ, ಗಾರೆಯವರ ಲೆಕ್ಕದ ಚೀಟಿ ಏನಿದ್ದರೂ ಒಂದು ಚಿತ್ರ ತೆಗೆಸಿ ಇಟ್ಟುಕೊಳ್ಳಿ. ಅಟ್ಟದ ಮೇಲೆ ಏನಿದೆ ಎಂದು ಫೋನಿನಲ್ಲಿ ಯಾರಾದರೂ ಕೇಳಿದರೆ ನನ್ನ ಹಾಗೆ ಅವಸರ ಮಾಡಬೇಡಿ. ಮೀಟಿಂಗು ಕಾಯುತ್ತದೆ.

ತಾತನ ಡೈರಿಯನ್ನು ಲಂಡನ್ನಿಗೆ ತರಿಸಿಕೊಳ್ಳಲೇ ಎಂದು ಒಮ್ಮೆ ಯೋಚಿಸಿದ್ದೆ. ಬೇಡವೆನ್ನಿಸಿತು. ಒಂದು ಪಾಲು ಕಾಗದ ಈಗಾಗಲೇ ಇಲ್ಲಿದೆ, ಇನ್ನೊಂದು ಅಲ್ಲೇ ಇರಲಿ. ಮುಂದಿನ ಡಿಸೆಂಬರಿನಲ್ಲಿ ಹೋದಾಗ ಅದನ್ನು ರಾಜ್ಯ ಪತ್ರಾಗಾರಕ್ಕೆ ಕೊಡಬೇಕೆಂದು ತಂಗಿಯ ಮಗಳೂ ನಾನೂ ಮಾತಾಡಿಕೊಂಡಿದ್ದೇವೆ. ಅಷ್ಟರೊಳಗೆ ಓದಿ ಮುಗಿಸಬೇಕು. ಹೋದ ಭಾನುವಾರ ಸಜ್ಜಾದ ಪುಟವನ್ನು ಮತ್ತೆ ನೋಡಿದೆವು. ಹಟ ಹಿಡಿದ ಆ ಮೇಸ್ತ್ರಿಯ ಹೆಸರನ್ನು ತಾತ ಬರೆದಿದ್ದಾರೆ. ಮೊದಲ ಎರಡಕ್ಷರ ಗೆದ್ದಲು ತಿಂದಿದೆ. ಕೊನೆಯಲ್ಲಿ "ಪ್ಪ" ಎಂದು ಇರುವುದು ಮಾತ್ರ ಸ್ಪಷ್ಟವಾಗಿದೆ.